ಕೈಗಾದ ಕರೆಂಟಿಗೆ ಜಗತ್ತಿನ ಸ್ನೇಹ ಯಾಕೆ ಬೇಕು?

ಚಿತ್ತವಾಡ್ಗಿಯ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ನನ್ನನ್ನ ನಿಲ್ಲಿಸಿ ಕೇಳಿದರು: "ತಮ್ಮಾ, ಟೀವಿಯಾಗ ಅಣು ಒಪ್ಪಂದ, ಅಣು ಸಹಕಾರ ಅಂತೀರಿ. ಅದು ಬಾಂಬಿನ ವಿಷಯ ಹೌದಲ್ಲ? ನಮ್ಮ ಪಂಪ್‌ಸೆಟ್ಟಿಗೂ ಅದಕ್ಕೂ ಏನ್ ಸಂಬಂಧ?"

ನ್ಯಾಯವಾದ ಪ್ರಶ್ನೆ. ಉತ್ತರ ಇರೋದು ಉತ್ತರ ಕನ್ನಡದ ಕೈಗಾದಲ್ಲಿ.

ವೀಕ್ಷಕರೇ, ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳಿವೆ. ಯುರೇನಿಯಂ ಪರಮಾಣು ಒಡೆಯುತ್ತೆ, ಶಾಖ ಹುಟ್ಟುತ್ತೆ, ನೀರು ಹಬೆಯಾಗುತ್ತೆ, ಹಬೆ ಟರ್ಬೈನ್ ತಿರುಗಿಸುತ್ತೆ. ನಿಮ್ಮ ಟಿಬಿ ಡ್ಯಾಮ್‌ನಲ್ಲಿ ಬೀಳುವ ನೀರು ಮಾಡೋ ಕೆಲಸವನ್ನ ಅಲ್ಲಿ ಹಬೆ ಮಾಡುತ್ತೆ, ಅಷ್ಟೇ.

ಈ ಮಾದರಿಯ ರಿಯಾಕ್ಟರ್ ನಮಗೆ ಬಂದದ್ದು ಕೆನಡಾದ ಸಹಕಾರದಿಂದ, ರಾಜಸ್ಥಾನದ ಮೂಲಕ. 1974ರಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು. ಕೆನಡಾ ಕೈಬಿಟ್ಟಿತು. ಪರಮಾಣು ಸಾಮಗ್ರಿ ಮಾರುವ ದೇಶಗಳು ಕೂಟ ಕಟ್ಟಿಕೊಂಡು ಬಾಗಿಲು ಹಾಕಿದವು. ನಮ್ಮ ಇಂಜಿನಿಯರ್‌ಗಳು ರಿಯಾಕ್ಟರ್ ಕಟ್ಟೋದನ್ನ ತಾವೇ ಕಲಿತರು. ಆದರೆ ಬೇಕಾದಷ್ಟು ಯುರೇನಿಯಂ ನಮ್ಮ ಗಣಿಯಿಂದ ಬರಲಿಲ್ಲ. 2008ರ ಹೊತ್ತಿಗೆ ರಿಯಾಕ್ಟರ್‌ಗಳು ಅರೆಹೊಟ್ಟೆಯಲ್ಲಿ ಓಡುತ್ತಿದ್ದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು, 2011ರಲ್ಲಿ ಕರೆಂಟ್ ಕೊಟ್ಟಿತು.

ಬಾಗಿಲು ತೆರೆದದ್ದು 2008ರ ಸೆಪ್ಟೆಂಬರ್ 6ರಂದು, ವಿಯೆನ್ನಾದಲ್ಲಿ. ಷರತ್ತು ಇಷ್ಟು: ನಮ್ಮ 22 ರಿಯಾಕ್ಟರ್‌ಗಳಲ್ಲಿ 14ನ್ನ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಗೆ ಒಡ್ಡಬೇಕು. ಅವರು ಕ್ಯಾಮೆರಾ ಇಡ್ತಾರೆ, ಸೀಲ್ ಹಾಕ್ತಾರೆ, ಇಂಧನದ ಲೆಕ್ಕ ನೋಡ್ತಾರೆ.

ತಮಾಷೆ ಅಂದ್ರೆ, ಆ ಹದಿನಾಲ್ಕರಲ್ಲಿ ಕೈಗಾ ಇಲ್ಲ! ಹಾಗಾಗಿ ವಿದೇಶಿ ಯುರೇನಿಯಂ ಅಲ್ಲಿಗೆ ಹೋಗಲ್ಲ. ಹಾಗಾದ್ರೆ ಲಾಭ? ಮನೆಗೆ ಹೊರಗಿನಿಂದ ಅಕ್ಕಿ ಬಂದರೆ ಹೊಲದ ಜೋಳ ಉಳಿಯುತ್ತಲ್ಲ, ಹಾಗೆ. ತಪಾಸಣೆಗೆ ಒಡ್ಡಿದ ರಿಯಾಕ್ಟರ್‌ಗಳು ಆಮದು ಇಂಧನ ತಗೊಂಡವು, ದೇಶದ ಇಂಧನ ಕೈಗಾಕ್ಕೆ ಉಳಿಯಿತು. ಅದೇ ದೇಶಿ ಇಂಧನದಲ್ಲಿ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು.

ಹಿರಿಯರಿಗೆ ಇದನ್ನೇ ಹೇಳಿದೆ. ಅವರು ಸುಮ್ಮನಾಗಲಿಲ್ಲ: "ಲೆಕ್ಕ ಹೊರಗಿನವರಿಗೆ ಕೊಡ್ತೀರಿ. ಆ ಊರಿನವರಿಗೆ?"

ನನಗೂ ಅನಿಸೋದು ಅದೇ. ವಿಯೆನ್ನಾದ ತಪಾಸಕರು ನೋಡೋದು ಇಂಧನ ಬಾಂಬಿಗೆ ಹೋಯಿತಾ ಅಂತ. ಊರಿನ ಬಾವಿ ನೀರನ್ನಲ್ಲ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಬರ್ತಿವೆ. ಜಗತ್ತಿನ ನಂಬಿಕೆ ನಮಗೆ ಸಿಕ್ಕಿದ್ದು ಲೆಕ್ಕ ತೋರಿಸಿದ್ದಕ್ಕೆ. ಕಾಳಿ ನದಿ ತೀರದ ಜನರ ನಂಬಿಕೆ ಬೇಕಾದರೂ ದಾರಿ ಅದೊಂದೇ. ಆ ಲೆಕ್ಕ ಅವರಿಗೆ ಕನ್ನಡದಲ್ಲೇ ಸಿಗಲಿ.