ಕೇಳಿದ ಹಾಡನ್ನೇ ಮತ್ತೆ ಹಾಡುವಾಗ

ಒಬ್ಬರು ಹಾಡಿ ಜನಪ್ರಿಯವಾದ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಮತ್ತೆ ಹಾಡುವುದು ಮರುಗಾಯನ. ಇಂದಿನವರ ಬಾಯಲ್ಲಿ ಅದು ಕವರ್ ಸಾಂಗ್. ಈ ಹೆಸರು ಬಂದದ್ದು ಕಳೆದ ಶತಮಾನದ ನಡುಭಾಗದ ಅಮೆರಿಕದ ಗ್ರಾಮಫೋನ್ ಕಂಪನಿಗಳಿಂದ. ಒಂದು ಕಂಪನಿಯ ತಟ್ಟೆ ಚೆನ್ನಾಗಿ ಮಾರಾಟವಾದರೆ ಇನ್ನೊಂದು ಕಂಪನಿ ಅದೇ ಹಾಡನ್ನು ತನ್ನ ಗಾಯಕರಿಂದ ಹಾಡಿಸಿ ಮಾರುಕಟ್ಟೆಗೆ ಬಿಡುತ್ತಿತ್ತು. ಅಲ್ಲಿ ಮೂಲವೆಂದರೆ ಮೊದಲ ತಟ್ಟೆ. ಕನ್ನಡದ ಭಾವಗೀತೆಯ ಲೆಕ್ಕ ಬೇರೆ. ಇಲ್ಲಿ ಮೊದಲು ಇರುವುದು ಪುಸ್ತಕದಲ್ಲಿ ಅಚ್ಚಾದ ಕವಿತೆ. ಎಷ್ಟೋ ವರ್ಷಗಳ ಮೇಲೆ ಒಬ್ಬರು ಅದಕ್ಕೆ ರಾಗ ಕೂಡಿಸುತ್ತಾರೆ, ಅವರೋ ಮತ್ತೊಬ್ಬರೋ ಹಾಡುತ್ತಾರೆ. ಹಾಗಾಗಿ ಜನ ಮೂಲವೆಂದು ನಂಬಿಕೊಂಡ ಕ್ಯಾಸೆಟ್ಟಿನ ಹಾಡು ಕೂಡ ಕವಿತೆಯ ಒಂದು ಓದು ಅಷ್ಟೆ. ಮರುಗಾಯನ ಅದೇ ಕವಿತೆಯ ಇನ್ನೊಂದು ಓದು. ಅದರ ಗುಣದೋಷ ತಿಳಿಯಬೇಕಾದರೆ ಹಳೆಯ ಕ್ಯಾಸೆಟ್ಟಿನ ಜೊತೆಗೆ ಕವಿತೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಮೂರು ತಾಲ್ಲೂಕಿನ ಹಾಡುಗಳು

ಈ ಮಾತನ್ನು ಪರೀಕ್ಷಿಸಲು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಷ್ಟು ಅನುಕೂಲದ ಜಾಗ ಕರ್ನಾಟಕದಲ್ಲಿ ಕಡಿಮೆ. ನಾಡಗೀತೆಯ ಕವಿ ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ‘ಯಾವ ಮೋಹನ ಮುರಳಿ’ ಬರೆದ ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಶಿವಮೊಗ್ಗದಲ್ಲಿ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ ‘ನಿತ್ಯೋತ್ಸವ’ದಲ್ಲಿ ಮೊದಲು ನೆನೆಯುವ ಜೋಗ ಇರುವುದು ಸಾಗರ ತಾಲ್ಲೂಕಿನಲ್ಲಿ. ಈ ಕವಿಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದ ಗಾಯಕರಲ್ಲಿ ಒಬ್ಬರಾದ ಶಿವಮೊಗ್ಗ ಸುಬ್ಬಣ್ಣ (1938–2022) ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ.

ಕ್ಯಾಸೆಟ್ಟು ಬರುವ ಎಷ್ಟೋ ಮೊದಲೇ ಈ ಸೀಮೆಗೆ ಮರುಗಾಯನ ಗೊತ್ತಿತ್ತು. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡ ಹಚ್ಚಿದ ದೀಪವನ್ನು ಆರಗೊಡದೆ ಹಿಡಿದು ಊರೂರು ಸುತ್ತುತ್ತದೆ. ಮನೆಯ ಬಾಗಿಲಲ್ಲಿ ನಿಂತು ಮುಂದಾಳುಗಳು ಒಂದು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಬಾಗಿಲು ತೆಗೆಯಿರಿ, ದೀಪಕ್ಕೆ ಎಣ್ಣೆ ಎರೆಯಿರಿ ಎನ್ನುವ ಪದ ಎಲ್ಲ ಊರಲ್ಲೂ ಇದೆ. ಧಾಟಿ, ಸಾಲುಗಳ ಸಂಖ್ಯೆ, ಎಳೆಯುವ ಜಾಗ ಊರಿಂದೂರಿಗೆ ಬೇರೆ. ಯಾವ ಊರಿನದು ಮೂಲ ಎಂದು ಯಾರೂ ಕೇಳುವುದಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲೂ ಹೀಗೆಯೇ. ಪ್ರಸಂಗದ ಪದ್ಯ ಒಂದೇ, ಅದನ್ನು ಏಳಿಸುವ ಭಾಗವತರು ಹಲವರು. ಕಾಳಿಂಗ ನಾವಡರು (1958–1990) ಹಳೆಯ ಪದ್ಯಗಳಿಗೆ ಹೊಸ ರಾಗಗಳನ್ನು ತಂದಾಗ ಮಡಿವಂತರು ಗೊಣಗಿದರು, ಪ್ರೇಕ್ಷಕರು ಬೆಳಗಿನ ತನಕ ಕೂತು ಕೇಳಿದರು. ದಾಸರ ಪದಗಳ ಕತೆಯೂ ಇದೇ. ಪುರಂದರದಾಸರು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರದ ಕ್ಷೇಮಪುರದವರೆಂಬುದು ಒಂದು ವಾದ, ಮಹಾರಾಷ್ಟ್ರದ ಪುರಂದರಗಡದವರೆಂಬುದು ಇನ್ನೊಂದು. ಊರು ಯಾವುದೇ ಇರಲಿ, ಇಂದು ಕೇಳುವ ಅವರ ಪದಗಳ ಧಾಟಿಗಳಲ್ಲಿ ಹೆಚ್ಚಿನವು ಆಮೇಲಿನವರು ಕೂಡಿಸಿದವು. ‘ಸತ್ತವರ ನೆರಳು’ ನಾಟಕದಲ್ಲಿ ಬಿ.ವಿ. ಕಾರಂತರು ದಾಸರ ಪದಗಳನ್ನು ರಂಗಕ್ಕೆ ತಕ್ಕಂತೆ ಹಾಡಿಸಿದ ಮೇಲೆ ಭಜನೆಯಲ್ಲಿ ಕೇಳಿದ್ದ ಸಾಲುಗಳಲ್ಲಿ ವ್ಯಂಗ್ಯವೂ ಇದೆಯೆಂದು ಜನಕ್ಕೆ ಕಾಣಿಸಿತು.

ಮೊದಲು ಮಾತು

ಮರುಗಾಯನದ ಮೊದಲ ಪರೀಕ್ಷೆ ಉಚ್ಚಾರಣೆ. ಕನ್ನಡದಲ್ಲಿ ಸ್ವರದ ಉದ್ದ ಅರ್ಥವನ್ನೇ ಬದಲಿಸುತ್ತದೆ: ‘ಮರ’ವನ್ನು ಎಳೆದರೆ ‘ಮಾರ’. ರಾಗಕ್ಕೆ ಉದ್ದ ಬೇಕಾದಾಗ ನುರಿತವರು ಹ್ರಸ್ವವನ್ನು ಹಾಗೇ ಬಿಟ್ಟು ಪದದ ಕೊನೆಯಲ್ಲೋ ದೀರ್ಘ ಇರುವಲ್ಲೋ ನಿಲ್ಲುತ್ತಾರೆ. ಒತ್ತಕ್ಷರ, ಮಹಾಪ್ರಾಣಗಳನ್ನು ನುಂಗುವುದು, ಪದವನ್ನು ನಡುವೆ ಮುರಿದು ಉಸಿರು ತೆಗೆದುಕೊಳ್ಳುವುದು ಧಾಟಿಯನ್ನು ಮಾತ್ರ ಕಲಿತವರ ಗುರುತು.

ಎರಡನೆಯದು ವಾಕ್ಯ. ‘ನಿತ್ಯೋತ್ಸವ’ದ ನುಡಿಗಳನ್ನು ಕಾಗದದ ಮೇಲೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಜೋಗ, ತುಂಗೆ, ಸಹ್ಯಾದ್ರಿ ಎಂದು ಜಾಗಗಳು ಒಂದಾದ ಮೇಲೊಂದು ಬರುತ್ತವೆ, ಸಾಲುಗಳು ‘ಅಲ್ಲಿ’ ಎಂಬ ಸಪ್ತಮಿಗೆ ಬಂದು ನಿಲ್ಲುತ್ತವೆ. ಅಲ್ಲಿ ಏನು ಎನ್ನುವುದು ನುಡಿಯ ಕೊನೆಗೆ, ತಾಯಿಯನ್ನು ಕರೆಯುವಾಗ ಗೊತ್ತಾಗುತ್ತದೆ. ಅಂದರೆ ಇಡೀ ನುಡಿ ಒಂದೇ ವಾಕ್ಯ. ಒಂದೊಂದು ‘ಅಲ್ಲಿ’ಯ ಮೇಲೂ ಷಡ್ಜಕ್ಕೆ ಇಳಿದು ಮುಗಿಸಿಬಿಟ್ಟರೆ ಹಾಡು ಊರುಗಳ ಪಟ್ಟಿಯಾಗುತ್ತದೆ. ಮುಂದಿನ್ನೂ ಇದೆ ಎನ್ನುವ ಹಾಗೆ ಸ್ವರವನ್ನು ಎತ್ತಿ ಹಿಡಿದು ಕೊನೆಯಲ್ಲಿ ಇಳಿಸಿದರೆ ಅದು ಉತ್ಸವವಾಗುತ್ತದೆ. ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆಯಲ್ಲಿ 1978ರಲ್ಲಿ ‘ನಿತ್ಯೋತ್ಸವ’ ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯಾಗಿ ಬಂತು. ಅಲ್ಲಿಂದ ಇಲ್ಲಿಯ ತನಕ ರಾಜ್ಯೋತ್ಸವದ ವೇದಿಕೆಗಳಲ್ಲಿ ಶಾಲಾ ಮಕ್ಕಳು ಅದನ್ನು ಹಾಡುತ್ತಲೇ ಇದ್ದಾರೆ. ಮಕ್ಕಳ ತಂಡ ಚೆನ್ನಾಗಿ ಹಾಡಿದೆಯೋ ಇಲ್ಲವೋ ತಿಳಿಯಲು ಸಾಲಿನ ಕೊನೆಯ ಆ ‘ಅಲ್ಲಿ’ಯನ್ನು ಗಮನಿಸಿದರೆ ಸಾಕು.

ಅಡಿಗರ ಕವಿತೆ ಇನ್ನೊಂದು ಬಗೆಯದು. ಅದರ ಮೈಯೆಲ್ಲ ಪ್ರಶ್ನೆ. ಸುಗಮ ಸಂಗೀತದಲ್ಲಿ ಬಹಳ ಕಾಲದಿಂದ ಹಾಡುತ್ತಿದ್ದ ಅದನ್ನು ನಾಗತಿಹಳ್ಳಿ ಚಂದ್ರಶೇಖರ್ 1990ರ ದಶಕದ ‘ಅಮೆರಿಕಾ ಅಮೆರಿಕಾ’ ಚಿತ್ರಕ್ಕೆ ತಂದರು. ಮನೋಮೂರ್ತಿಯವರ ಸಂಗೀತದಲ್ಲಿ ರಾಜು ಅನಂತಸ್ವಾಮಿ, ಸಂಗೀತಾ ಕಟ್ಟಿ ಹಾಡಿದರು. ಕಡಲಾಚೆಗೆ ಹೋದ ಕನ್ನಡಿಗರ ಕತೆಯೊಳಗೆ ಬಂದು ಕೂತ ಮೇಲೆ ಕವಿತೆಯ ದೂರದ ತೀರಕ್ಕೆ ಒಂದು ವಿಳಾಸ ಸಿಕ್ಕಿತು. ಆದರೆ ಅಡಿಗರ ಪ್ರಶ್ನೆಗೆ ಉತ್ತರ ಅಮೆರಿಕ ಅಲ್ಲ. ಈ ಹಾಡಿನ ಮರುಗಾಯನಗಳಲ್ಲಿ ಹಿಡಿದು ನಿಲ್ಲಿಸುವಂಥವು ದನಿಯಲ್ಲಿ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಂಡಿವೆ. ಬರೀ ವಿರಹದ ಹಾಡೆಂದು ಅಳುದನಿಯಲ್ಲಿ ಹಾಡಿದವುಗಳಲ್ಲಿ ಕವಿತೆಯ ಅರ್ಧ ಬಿಟ್ಟುಹೋಗಿದೆ.

ಧಾಟಿ ಮತ್ತು ಕಾಲ

ಒಂದೇ ಕವಿತೆಗೆ ಎರಡು ಒಳ್ಳೆಯ ಧಾಟಿಗಳಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾಡಗೀತೆ ಉದಾಹರಣೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ನಾಡಗೀತೆಯೆಂದು ಘೋಷಣೆಯಾದದ್ದು 2004ರ ಜನವರಿಯಲ್ಲಿ. ಆ ಹೊತ್ತಿಗೆ ಅನಂತಸ್ವಾಮಿಯವರ ಧಾಟಿಯೂ ಸಿ. ಅಶ್ವತ್ಥ್ ಅವರ ಧಾಟಿಯೂ ಬಳಕೆಯಲ್ಲಿದ್ದವು. ಯಾವುದು ಅಧಿಕೃತ ಎಂಬ ಜಗ್ಗಾಟ ಬಹುಕಾಲ ನಡೆಯಿತು. ಕೊನೆಗೆ ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿತು. ಆಲಾಪ, ಪುನರಾವರ್ತನೆ ಇಲ್ಲದೆ ಪೂರ್ಣಪಾಠವನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಎಂದೂ ಹೇಳಿತು. ಆದೇಶದ ಮೇಲೆ ಹೂಡಿದ್ದ ಅರ್ಜಿಯನ್ನು ಹೈಕೋರ್ಟು 2024ರಲ್ಲಿ ವಜಾ ಮಾಡಿತು.

ಮರುಗಾಯಕರಿಗೆ ಇದರಲ್ಲಿ ಎರಡು ಪಾಠಗಳಿವೆ. ಒಂದು, ಹಾಡುವವರು ಯಾರು ಎನ್ನುವುದರ ಮೇಲೆ ಧಾಟಿಯ ಯೋಗ್ಯತೆ ನಿಂತಿದೆ. ತರಬೇತಿಯಾದ ಒಂಟಿ ಕಂಠಕ್ಕೆ ಒಪ್ಪುವ ಏರಿಳಿತ ಇನ್ನೂರು ಜನ ಎದ್ದು ನಿಂತು ಹಾಡುವಾಗ ಒಪ್ಪುವುದಿಲ್ಲ. ಗುಂಪಿಗೆ ಸಣ್ಣ ಸಣ್ಣ ಸಾಲು, ಉಸಿರಿಗೆ ಜಾಗ, ಎಲ್ಲರಿಗೂ ಎಟುಕುವ ಶ್ರುತಿ ಬೇಕು. ಇನ್ನೊಂದು, ಯಾವ ನುಡಿ ಹಾಡಬೇಕು, ಯಾವುದನ್ನು ಬಿಡಬೇಕು ಎನ್ನುವುದೂ ಸಂಗೀತದ ತೀರ್ಮಾನವೇ. ನಾಡಗೀತೆಯಲ್ಲಿ ಶಂಕರ, ರಾಮಾನುಜರಿಂದ ಪಂಪ, ರನ್ನ, ಜನ್ನರ ತನಕ ಹೆಸರುಗಳ ಸಾಲಿದೆ. ಒಂದು ಸಾಲು ಬಿಟ್ಟರೆ ಯಾರದೋ ಹೆಸರು ಬಿಟ್ಟಂತೆ. ಹಾಗಾಗಿ ಅಲ್ಲಿ ಕತ್ತರಿಗೆ ಅವಕಾಶವಿಲ್ಲ. ಬೇರೆ ಹಾಡುಗಳಲ್ಲಿ ಕತ್ತರಿಯೇ ಉಪಕಾರ ಮಾಡಿದ್ದುಂಟು. ಕೆನಡಾದ ಲಿಯೊನಾರ್ಡ್ ಕೋಹೆನ್ 1984ರಲ್ಲಿ ಹಾಡಿದ ‘ಹಲೆಲೂಯಾ’ ಆಗ ಅಷ್ಟೇನೂ ಓಡಲಿಲ್ಲ. ಅವರು ಬರೆದಿಟ್ಟಿದ್ದ ಹಲವು ನುಡಿಗಳಲ್ಲಿ ಕೆಲವನ್ನು ಆಯ್ದು 1991ರಲ್ಲಿ ಜಾನ್ ಕೇಲ್ ಪಿಯಾನೊ ಜೊತೆ ಹಾಡಿದರು. ಕೇಲ್ ಹಾಡಿದ್ದನ್ನು ಹಿಡಿದು 1994ರಲ್ಲಿ ಜೆಫ್ ಬಕ್ಲಿ ಹಾಡಿದರು. ಇಂದು ಜಗತ್ತು ಆ ಹಾಡೆಂದು ಗುರುತಿಸುವುದು ಹೆಚ್ಚಾಗಿ ಆ ರೂಪವನ್ನು.

ಕೊರಳು

ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ನೇ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದಾಗ ಆ ಗೌರವ ಕನ್ನಡಿಗರೊಬ್ಬರಿಗೆ ಮೊದಲ ಸಲ ಬಂದಿತ್ತು. ಹಾಡಿನ ಭಾಷೆ ಉತ್ತರ ಕರ್ನಾಟಕದ್ದು, ಹಾಡಿದವರು ಹೊಸನಗರದವರು. ಅವರು ಬೆಳಗಾವಿ ಸೀಮೆಯವರ ಅಣಕ ಮಾಡಲಿಲ್ಲ. ಎದೆ ತೆರೆದು ನೇರವಾಗಿ ಹಾಡಿದರು, ಓಟ ತಾನಾಗಿ ಬಂತು. ಈ ಹಾಡನ್ನು ಮತ್ತೆ ಹಾಡುವವರು ಎಡವುವುದು ಅಲ್ಲೇ: ಕುದುರೆಯ ಓಟ ಹಿಡಿಯುವ ಬದಲು ಸುಬ್ಬಣ್ಣನವರ ಗಂಟಲನ್ನು ಹಿಡಿಯಲು ಹೋಗುತ್ತಾರೆ. ಅಶ್ವತ್ಥ್ ಅವರ ಬಿಚ್ಚುಗಂಟಲಿಗೂ ಇದೇ ಗತಿ. ಅವರ ದನಿಯ ಒರಟನ್ನು ಅನುಕರಿಸುವವರು ಬೇಕಾದಷ್ಟಿದ್ದಾರೆ; ಆ ಒರಟು ಯಾವ ಮಾತಿಗೆ ಬರುತ್ತಿತ್ತು, ಯಾವ ಮಾತಿಗೆ ಇಳಿಯುತ್ತಿತ್ತು ಎಂದು ಗಮನಿಸಿದವರು ಕಡಿಮೆ.

ಶ್ರುತಿಯ ಆಯ್ಕೆ ಇದರದೇ ಭಾಗ. ಹಾರ್ಮೋನಿಯಂ ಲೆಕ್ಕದಲ್ಲಿ ಗಂಡಸರು ಬಿಳಿ ಒಂದು, ಕಪ್ಪು ಒಂದರ ಆಸುಪಾಸಿನಲ್ಲಿ ಹಾಡಿದ್ದನ್ನು ಹೆಂಗಸರು ಸಾಮಾನ್ಯವಾಗಿ ಬಿಳಿ ನಾಲ್ಕು, ಬಿಳಿ ಐದರ ಸುತ್ತ ಹಾಡುತ್ತಾರೆ. ಹಳೆಯ ಕ್ಯಾಸೆಟ್ಟಿನ ಶ್ರುತಿಗೇ ಜೋತುಬಿದ್ದರೆ ಮೇಲಿನ ಸ್ವರದಲ್ಲಿ ಮಾತು ಚೀರಾಟವಾಗುತ್ತದೆ, ಕೆಳಗಿನ ಸ್ವರದಲ್ಲಿ ಕೇಳಿಸುವುದೇ ಇಲ್ಲ.

ವಾದ್ಯ

ಬಿಗಿಯಾದ ಚರ್ಚೆ ನಡೆಯುವುದು ವಾದ್ಯಗಳ ಬಗ್ಗೆ. ತಬಲಾ, ಕೊಳಲು ತೆಗೆದು ಗಿಟಾರು, ಡ್ರಮ್ಸ್ ಹಾಕಿದರೆ ಹಾಡು ಕೆಟ್ಟಿತು ಎನ್ನುವವರಿದ್ದಾರೆ. ಶಿಶುನಾಳ ಶರೀಫರ (1819–1889) ಪದಗಳ ಅನುಭವ ಬೇರೆ ಹೇಳುತ್ತದೆ. ಏಕತಾರಿ, ದಮ್ಮಡಿಯ ಜೊತೆ ಭಜನೆಯಲ್ಲಿದ್ದ ಅವನ್ನು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆಯ್ದುಕೊಟ್ಟು, ಅಶ್ವತ್ಥ್ ರಾಗ ಕೂಡಿಸಿ, ಸುಬ್ಬಣ್ಣನವರೂ ಅಶ್ವತ್ಥರೂ ಹಾಡಿ ಪೇಟೆಯ ಮನೆಗಳಿಗೆ ತಂದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಹಾಡಿದಾಗ ವಾದ್ಯವೆಲ್ಲ ರಾಕ್ ತಂಡದ್ದು. ಆದರೂ ಪದ ಒಂದೂ ಕಾಣೆಯಾಗಲಿಲ್ಲ. ಗುಡುಗುಡಿಯೊಳಗಿನ ವೇದಾಂತ ಶರೀಫರ ಹೆಸರೇ ಕೇಳದ ಹುಡುಗರ ಕಿವಿಗೆ ಬಿತ್ತು. ವ್ಯಾಸತೀರ್ಥರ ‘ಕೃಷ್ಣಾ ನೀ ಬೇಗನೆ ಬಾರೋ’ ಪದಕ್ಕೆ 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯಾದ ಕಲೋನಿಯಲ್ ಕಸಿನ್ಸ್ ಇಂಗ್ಲಿಷ್ ಸಾಲುಗಳನ್ನೂ ಬೆಸೆದಿತು. ಪಲ್ಲವಿಯ ಕರೆ ಹಾಗೇ ಉಳಿದದ್ದರಿಂದ ಸುತ್ತಲಿನ ಬದಲಾವಣೆಯನ್ನು ಕೇಳುಗರು ಒಪ್ಪಿಕೊಂಡರು. ವಾದ್ಯ ಯಾವುದಿದ್ದರೂ ಮಾತಿಗೆ ದಾರಿ ಬಿಡಬೇಕು. ಮಾತು ಬಂದಾಗ ತಗ್ಗಿ, ಮಾತು ನಿಂತಾಗ ಮುಂದೆ ಬರುವ ವಾದ್ಯ ಹಳೆಯದೋ ಹೊಸದೋ ಎನ್ನುವುದು ಆಮೇಲಿನ ಪ್ರಶ್ನೆ.

ಕಾಯಿದೆ

ಮರುಗಾಯನವನ್ನು ಮುದ್ರಿಸಿ ಮಾರುವುದಕ್ಕೆ ಕಾಯಿದೆಯ ಕಟ್ಟುಗಳಿವೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪ್ರಕಾರ ಮೊದಲ ಮುದ್ರಣ ಪ್ರಕಟವಾದ ವರ್ಷ ಕಳೆದು 5 ವರ್ಷ ಮುಗಿದಿರಬೇಕು, ಹಕ್ಕುದಾರರಿಗೆ ಮೊದಲೇ ತಿಳಿಸಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು, ಇದು ಮರುಗಾಯನ ಎಂದು ಹೊದಿಕೆಯ ಮೇಲೆ ನಮೂದಿಸಬೇಕು. ಮುದ್ರಣದ ತಾಂತ್ರಿಕ ಅಗತ್ಯ ಮೀರಿ ಸಾಹಿತ್ಯ, ಸಂಗೀತವನ್ನು ಬದಲಿಸುವಂತಿಲ್ಲ. ಹಳೆಯ ಕವಿತೆಗೆ ಹೊಸ ಧಾಟಿ ಕೂಡಿಸಿ ಪ್ರಕಟಿಸುವವರಿಗೆ ಹಕ್ಕುದಾರರ ಒಪ್ಪಿಗೆಯೇ ದಾರಿ. ಕವಿ ತೀರಿಕೊಂಡ ಮೇಲೂ ಅವರ ಹಕ್ಕು 60 ವರ್ಷ ಇರುತ್ತದೆ: 1992ರಲ್ಲಿ ತೀರಿಕೊಂಡ ಅಡಿಗರ ಕವಿತೆಗಳಿಗೆ 2052ರ ಕೊನೆಯ ತನಕ, 1994ರಲ್ಲಿ ತೀರಿಕೊಂಡ ಕುವೆಂಪು ಅವರವಕ್ಕೆ 2054ರ ಕೊನೆಯ ತನಕ. ದಾಸರ, ಶರೀಫರ ಪದಗಳಿಗೆ ಈ ತೊಡಕಿಲ್ಲ. ಟಿಕೆಟ್ಟಿಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡುವುದಕ್ಕೆ ಕಾಯಿದೆಯಲ್ಲೇ ವಿನಾಯಿತಿ ಇದೆ.

ತೀರ್ಪು

ಹೀಗೆ ಮರುಗಾಯನವನ್ನು ಕೇಳುವವರು ನೋಡಬೇಕಾದ ಸಂಗತಿಗಳು ಕೆಲವೇ: ಅಕ್ಷರಗಳು ತಮ್ಮ ಉದ್ದದಲ್ಲಿ ಇವೆಯೇ, ವಾಕ್ಯ ಮುರಿಯದೆ ಮುಗಿಯಿತೇ, ಧಾಟಿ ಹಾಡುವವರ ಉಸಿರಿಗೆ ಹೊಂದಿತೇ, ದನಿ ಹಾಡುವವರದೇ ಆಗಿದೆಯೇ, ವಾದ್ಯ ಮಾತಿಗೆ ದಾರಿ ಬಿಟ್ಟಿತೇ. ಇಷ್ಟೂ ಇದ್ದು ಹಾಡು ಹಳೆಯದರಂತೆಯೇ ಕೇಳಿದರೆ ಅದು ಒಳ್ಳೆಯ ನಕಲು. ನೂರು ಸಲ ಕೇಳಿದ್ದ ಹಾಡಿನಲ್ಲಿ ಅಲ್ಲಿಯ ತನಕ ಕಿವಿಗೆ ಬೀಳದಿದ್ದ ಒಂದು ಮಾತು ಬಿದ್ದರೆ ಅದು ಒಳ್ಳೆಯ ಮರುಗಾಯನ.