ಸಿಮೆಂಟು ಬೇರೆ, ಕಾಂಕ್ರೀಟು ಬೇರೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಕಿವಿಗೊಟ್ಟು ಕುಳಿತರೆ, ಮಳೆಯ ಮಾತು, ರೇಷ್ಮೆಗೂಡಿನ ಧಾರಣೆಯ ಮಾತು ಮುಗಿದ ಮೇಲೆ ಬರತಕ್ಕದ್ದು ಮನೆ ಕಟ್ಟುವ ಮಾತು. “ನಮ್ಮ ಬೀದಿಗೂ ಸಿಮೆಂಟ್ ರಸ್ತೆ ಆಯಿತು” ಎನ್ನುತ್ತಾರೆ ಒಬ್ಬರು. “ತಾರಸಿಗೆ ಎಷ್ಟು ಮೂಟೆ ಹಿಡಿಯಿತು?” ಎಂದು ಕೇಳುತ್ತಾರೆ ಇನ್ನೊಬ್ಬರು. ಬೀದಿಯಲ್ಲಿ ಹಾಕಿದ್ದು ಸಿಮೆಂಟಲ್ಲ, ಕಾಂಕ್ರೀಟು, ತಾರಸಿಯೂ ಅಷ್ಟೆ. ಆಡುಮಾತಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮನೆ ಕಟ್ಟಿಸುವವನ ತಲೆಯಲ್ಲಿ ಈ ಎರಡೂ ಒಂದೇ ಆಗಿ ಕುಳಿತರೆ ನಷ್ಟ ಅವನದೇ.

ಹನೂರಿನ ಕಡೆ ನಮ್ಮ ಬಂಧುಗಳೊಬ್ಬರಿದ್ದಾರೆ. ಗೂಡು ಮಾರಿ ಕೂಡಿಟ್ಟ ಹಣದಲ್ಲಿ ಮನೆ ಕಟ್ಟಿಸಿದರು. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯ ಸಿಮೆಂಟನ್ನೇ ಆರಿಸಿ ತಂದರು. ಅದೂ ಸಾಲದೆಂದು ಲೆಕ್ಕಕ್ಕಿಂತ ಐದಾರು ಮೂಟೆ ಹೆಚ್ಚಾಗಿಯೇ ಹಾಕಿಸಿದರು. ಯುಗಾದಿಗೆ ನಾಲ್ಕು ದಿನ ಮುಂಚೆ ತಾರಸಿ ಹಾಕಿದ್ದಾಯಿತು. ಎರಡು ದಿನ ನೀರು ಹೊಡೆದರು. ಮೂರನೆಯ ದಿನ ಮನೆಮಂದಿಯೆಲ್ಲ ಮಾದಪ್ಪನ ಬೆಟ್ಟದ ಜಾತ್ರೆಗೆ ಹೊರಟರು. ತಿರುಗಿ ಬಂದಾಗ ತಾರಸಿಯ ಮೇಲೆಲ್ಲ ಕೂದಲೆಳೆಯಂಥ ಬಿರುಕು. ಮಳೆಗಾಲಕ್ಕೆ ನಡುಮನೆಯಲ್ಲಿ ಪಾತ್ರೆ ಇಡಬೇಕಾಯಿತು. “ಸಿಮೆಂಟೇ ಕಲಬೆರಕೆ” ಎಂದು ಇವತ್ತಿಗೂ ಅವರು ನಂಬಿದ್ದಾರೆ. ನನಗೆ ಹಾಗೆ ತೋರುವುದಿಲ್ಲ.

ಕಡಲೆಬೀಜದ ಮಿಠಾಯಿ ಮಾಡುವುದನ್ನು ಎಲ್ಲರೂ ನೋಡಿಯೇ ಇದ್ದೀರಿ. ಬೆಲ್ಲದ ಪಾಕ ಬೀಜಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುತ್ತದೆ. ಬೆಲ್ಲವನ್ನು ಮಿಠಾಯಿ ಎಂದು ಯಾರೂ ಕರೆಯುವುದಿಲ್ಲವಷ್ಟೆ? ಸಿಮೆಂಟು ಈ ಬೆಲ್ಲದ ಸ್ಥಾನದ್ದು. ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸೇರಿಸಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಸುಟ್ಟು, ದೊರೆತ ಗಟ್ಟಿ ಉಂಡೆಗಳಿಗೆ ಸ್ವಲ್ಪ ಜಿಪ್ಸಮ್ ಕೂಡಿಸಿ ನುಣ್ಣಗೆ ಬೀಸಿದ ಪುಡಿಯೇ ಸಿಮೆಂಟು. ಇದಕ್ಕೆ ಮರಳು ಮತ್ತು ನೀರು ಸೇರಿದರೆ ಗಾರೆ. ಜಲ್ಲಿಯೂ ಸೇರಿದರೆ ಕಾಂಕ್ರೀಟು. ಮಿಶ್ರಣದ ಗಾತ್ರದಲ್ಲಿ ಸಿಮೆಂಟಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು. ಮುಕ್ಕಾಲು ಭಾಗದಷ್ಟು ಮರಳು, ಜಲ್ಲಿಯೇ. ಆದಕಾರಣ ತಾರಸಿ ಎಂದರೆ ಬಹುಪಾಲು ಕಲ್ಲು ಎಂದೇ ತಿಳಿಯಬೇಕು.

ಈ ಅಂಟಿನ ಪುಡಿಗೆ ಪೋರ್ಟ್‌ಲೆಂಡ್ ಸಿಮೆಂಟು ಎಂದು ಹೆಸರಿಟ್ಟು 1824ರಲ್ಲಿ ಪೇಟೆಂಟು ಪಡೆದವನು ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು. ಕಾಂಕ್ರೀಟು ಅದಕ್ಕಿಂತ ಎಷ್ಟೋ ಹಳೆಯದು. ರೋಮಿನ ಪ್ಯಾಂಥಿಯನ್ ಗುಡಿಯ ಗುಮ್ಮಟ ಕಾಂಕ್ರೀಟಿನದು. ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ ಅದರ ಅಂಟು. ಹತ್ತೊಂಬತ್ತು ಶತಮಾನಗಳಿಂದ ಅದು ನಿಂತಿದೆ. ಅಷ್ಟು ದೂರವೇಕೆ? 1911ರಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ ಸೇರಿದ ಸುಣ್ಣದ ಗಾರೆ. ನಮ್ಮ ನೆರೆಯ ಶಿವನಸಮುದ್ರದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯಂತೂ ಕಲ್ಲಿನ ಕಂಬಗಳ ಮೇಲೆಯೇ ಕಾವೇರಿಯನ್ನು ಎದುರಿಸಿಕೊಂಡಿತ್ತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಈಗ ನೀರಿನ ವಿಚಾರ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಬಹುಜನರ ತಿಳಿವಳಿಕೆ. ಹಾಗಿಲ್ಲ. ನೀರಿನೊಡನೆ ರಾಸಾಯನಿಕವಾಗಿ ಕೂಡಿ ಹೊಸ ಪದಾರ್ಥವಾಗಿ ಅದು ಗಟ್ಟಿಯಾಗುತ್ತದೆ. ಹೊಳೆಯ ಮಧ್ಯೆ ನೀರಿನೊಳಗೇ ಸೇತುವೆಯ ಕಂಬಗಳು ಬಲಿಯುವುದು ಇದರಿಂದಲೇ. ಕೂಡಿಕೆಗೆ ಬೇಕಾದ ನೀರಾದರೋ ಸಿಮೆಂಟಿನ ತೂಕದ ಸುಮಾರು ಕಾಲುಭಾಗ ಮಾತ್ರ. ಬಾಂಡ್ಲಿಯಿಂದ ಸುರಿದು ಹರಡಲು ಅನುಕೂಲವಾಗಲೆಂದು ಇನ್ನಷ್ಟು ಹಾಕುತ್ತೇವೆ. 50 ಕಿಲೋ ಮೂಟೆಗೆ, ಮರಳಿನಲ್ಲಿ ಮೊದಲೇ ಇರುವ ತೇವವೂ ಸೇರಿ, 25 ಲೀಟರಿನ ಆಸುಪಾಸು ಸಾಕು. ಹೆಚ್ಚುಕಡಿಮೆ ಎರಡು ಕೊಡ. ಮೂರನೆಯ ಕೊಡ ಬಿದ್ದಿತೋ, ಕೆಲಸದವರ ಕೈಗೆ ಸುಲಭ, ತಾರಸಿಗೆ ಕೇಡು. ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮುದ್ದೆಗೆ ನೀರು ಹೆಚ್ಚಾದರೆ ಅಂಬಲಿ ಎಂದು ಕುಡಿದುಬಿಡಬಹುದು; ತಾರಸಿಗೆ ಆ ದಾರಿಯಿಲ್ಲ. ನೀರು ಹೆಚ್ಚಿದಂತೆ ಬಲ ಕುಗ್ಗುತ್ತದೆ ಎಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದಾನೆ.

ಮರಳಿನಲ್ಲಿ ಮಣ್ಣಿದ್ದರೆ ಅಂಟು ಕಲ್ಲಿಗೆ ಹತ್ತುವುದಿಲ್ಲ. ಗಾಜಿನ ಲೋಟದಲ್ಲಿ ಅರ್ಧ ಮರಳು ಹಾಕಿ, ನೀರು ತುಂಬಿ, ಕಲಕಿ, ಕೆಲವು ಗಂಟೆ ಬಿಟ್ಟು ನೋಡಿದರೆ ಮೇಲೆ ನಿಂತ ಕೆಸರಿನ ಪದರವೇ ಸಂಗತಿಯನ್ನು ಹೇಳುತ್ತದೆ. ಹೊಳೆಯ ಮರಳಾಗಲಿ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಆಗಲಿ, ಪರೀಕ್ಷೆ ಒಂದೇ. ಜಲ್ಲಿಯ ಮಟ್ಟಿಗೆ ಮಾತ್ರ ನಮ್ಮ ಸೀಮೆ ಭಾಗ್ಯವಂತ. ಇಲ್ಲಿ ಗಟ್ಟಿ ಕಲ್ಲಿಗೆ ಕೊರತೆಯಿಲ್ಲ.

ನಮ್ಮ ಬಂಧುಗಳ ತಾರಸಿಗೆ ಆದದ್ದು ಇಷ್ಟು: ಹಾಕುವಾಗ ನೀರು ಹೆಚ್ಚು, ಹಾಕಿದ ಮೇಲೆ ನೀರು ಕಡಿಮೆ. ಯುಗಾದಿಯ ಹೊತ್ತಿನ ಹನೂರಿನ ಬಿಸಿಲು ಕೇಳಬೇಕೆ! ಒಳಗಿನ ತೇವವನ್ನು ಬಿಸಿಲು ಎಳೆದುಕೊಂಡಿತು. ಸಿಮೆಂಟಿನ ಕೆಲಸ ಅರ್ಧಕ್ಕೇ ನಿಂತಿತು. ಮೂಟೆಗಳನ್ನು ಹೆಚ್ಚಿಗೆ ಹಾಕಿದ್ದು ಉಪಕಾರವಾಗುವ ಬದಲು ಬಿರುಕನ್ನೇ ಹೆಚ್ಚಿಸಿರಬೇಕು, ಏಕೆಂದರೆ ಅಂಟು ಹೆಚ್ಚಾದಷ್ಟೂ ಕುಗ್ಗುವುದೂ ಹೆಚ್ಚು. ಬಿಸಿ ಒಣಹವೆಯಲ್ಲಿ ಸಾಧಾರಣ ಸಿಮೆಂಟಿಗೆ ಕನಿಷ್ಠ 10 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿಗೆ 14 ದಿನ ತೇವ ಆರದಂತೆ ಕಾಯಬೇಕು. ಅಂಗಡಿಯ ಮೂಟೆಯ ಮೇಲೆ ಪಿ.ಪಿ.ಸಿ. ಎಂಬ ಅಕ್ಷರಗಳಿದ್ದರೆ ಅದು ಎರಡನೆಯ ಜಾತಿಯದು.

ತಾರಸಿಯ ಮೇಲೆ ಗದ್ದೆಯ ಬದುವಿನಂತೆ ಮಣ್ಣಿನ ಪಾತಿ ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸುವುದು ಒಳ್ಳೆಯ ಪದ್ಧತಿ. ಕೊಳ್ಳೇಗಾಲ, ಯಳಂದೂರುಗಳ ನಾಲೆಯ ಬಯಲಿನಲ್ಲಿ ಇದು ಕಷ್ಟವಲ್ಲ. ಹನೂರಿನಾಚೆಯ ಒಣನೆಲದಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ ತಾರಸಿಗೆ ಎಲ್ಲಿಂದ ತರುವುದು ಎಂದು ಗೃಹಿಣಿಯರು ಕೇಳಿದರೆ ಅದು ನ್ಯಾಯವೇ. ಅಂಥಲ್ಲಿ ಹಳೆಯ ಗೋಣಿಚೀಲಗಳನ್ನು ಒತ್ತಾಗಿ ಹಾಸಿ ತೋಯಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲು ಹೇರಿದರೆ, ದಿನಕ್ಕೊಮ್ಮೆ ಎತ್ತಿ ನೋಡಿ ನಾಲ್ಕು ಕೊಡ ಚಿಮುಕಿಸಿದರೂ ತೇವ ಉಳಿಯುತ್ತದೆ. ಜಾತ್ರೆಗೆ ಹೋಗಲೇಬೇಕಾದರೆ ಮನೆಯಲ್ಲಿ ಒಬ್ಬರು ಉಳಿಯಬೇಕು, ಇಲ್ಲವೆ ತಾರಸಿಯನ್ನು ಹಬ್ಬ ಕಳೆದ ಮೇಲೆ ಹಾಕಿಸಬೇಕು.