ಡಬ್ಬಿ ಬದಲಿಸುವ ಮುನ್ನ

ಚಳ್ಳಕೆರೆಯಲ್ಲಿ ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಹೊರಟಿದ್ದ ಭಾವನ ಲಾರಿ ಹಿರಿಯೂರು ದಾಟಿ ಶಿರಾ ಹತ್ತಿರ ಬಂದಾಗ ರಾತ್ರಿ ಒಂದೂವರೆ. ಮಳೆ ಆಗಷ್ಟೇ ನಿಂತಿತ್ತು. ಆಫ್ ಮಾಡಿದ್ದ ವೈಪರ್ ತಾನಾಗಿಯೇ ಒಂದು ಸಲ ಆಡಿತು. ಎರಡೂ ಕಡೆಯ ಇಂಡಿಕೇಟರ್ ಹೊತ್ತಿಕೊಂಡವು, ಹೆಡ್‌ಲೈಟ್ ಆರಿತು. ಇಂಜಿನ್ ಮಾತ್ರ ಓಡುತ್ತಲೇ ಇತ್ತು. ಕ್ಲೀನರ್ ಹುಡುಗ ಮೊಬೈಲ್ ಬೆಳಕು ಹಿಡಿದು ಮುಂದೆ ಮುಂದೆ ನಡೆದ. ಗಾಡಿ ಹೇಗೋ ಒಂದು ಢಾಬಾದ ಅಂಗಳ ಸೇರಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಸದ್ದೇ ಇಲ್ಲ.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರೆ ಗಾಡಿ ನೋಡದೆಯೇ ಉತ್ತರ ಬಂತು: ಬಿಸಿಎಂ ಹೋಗಿದೆ, ಹೊಸದು ಹಾಕಬೇಕು. ಬೆಲೆ ಕೇಳಿ ಭಾವ ಸುಮ್ಮನಾದರು. ನಾನು ತುಮಕೂರಿನಿಂದ ಮೊದಲ ಬಸ್ ಹಿಡಿದೆ.

ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಡ್ಯಾಶ್‌ಬೋರ್ಡಿನ ಒಳಗೆ ಕೂತ, ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆ. ಹಳೆಯ ಲಾರಿಗಳಲ್ಲಿ ಸ್ವಿಚ್ ಒತ್ತಿದರೆ ಕರೆಂಟು ಫ್ಯೂಸ್, ರಿಲೇ ದಾಟಿ ನೇರವಾಗಿ ಬಲ್ಬಿಗೆ ಹೋಗುತ್ತಿತ್ತು. ಈಗ ಸ್ವಿಚ್ಚಿನದು ಬರೀ ಕೋರಿಕೆ. ಡಬ್ಬಿ ಅದನ್ನು ಕೇಳಿಸಿಕೊಂಡು ದೀಪ, ವೈಪರ್, ಹಾರ್ನ್‌ಗಳಿಗೆ ತಾನೇ ಕರೆಂಟು ಹಂಚುತ್ತದೆ. ಎಷ್ಟು ಹೋಯಿತೆಂದು ಅಳೆಯುತ್ತದೆ ಕೂಡ. 24 ವೋಲ್ಟಿನ ಗಾಡಿಯಲ್ಲಿ 70 ವಾಟಿನ ಹೆಡ್‌ಲೈಟ್ ಬಲ್ಬು ಸುಮಾರು 3 ಆಂಪಿಯರ್ ಎಳೆಯಬೇಕು. ಎಳೆಯದಿದ್ದರೆ ಬಲ್ಬು ಸುಟ್ಟಿದೆ ಎಂದು ಮೀಟರಿನಲ್ಲಿ ಸೂಚನೆ ಬರುತ್ತದೆ. ಇಂಜಿನ್, ಬ್ರೇಕು, ಮೀಟರುಗಳ ಡಬ್ಬಿಗಳ ಜೊತೆ ಇದು ಮಾತಾಡುವುದು ಹೆಣೆದ ಎರಡೇ ಎರಡು ತಂತಿಗಳ ಮೇಲೆ. ಕ್ಯಾನ್ ಎಂಬ ಈ ಪದ್ಧತಿಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಲೋಕದ ಮುಂದಿಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಅದೇ ಬಾಷ್‌ನ ಮನೆಯದು. ಮೈಕೋ ಡೀಸೆಲ್ ಪಂಪನ್ನು ಪೂರ್ತಿ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ನಮ್ಮ ಹೆದ್ದಾರಿಗಳ ಉದ್ದಕ್ಕೂ ಇದ್ದರು, ಈಗಲೂ ಇದ್ದಾರೆ. ಪಂಪು ಬಿಚ್ಚಿದರೆ ಒಳಗಿನದು ಕಾಣುತ್ತಿತ್ತು. ಡಬ್ಬಿ ಬಿಚ್ಚಿದರೆ ಏನೂ ಕಾಣುವುದಿಲ್ಲ.

ಶಿರಾದ ಲಾರಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಢಾಬಾದವರೇ ಕರೆಸಿದ್ದರು. ಅರುವತ್ತರ ಹತ್ತಿರದ ವಯಸ್ಸು, ಹೆಗಲಿಗೆ ಒಂದು ಚೀಲ. ಭಾವ ಫೋನಿನ ಮಾತು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. "ಡಬ್ಬಿನ ಆಮೇಲೆ ನೋಡಾಣ ಯಜಮಾನ್ರೆ. ಅದಕ್ಕೆ ಅನ್ನ ನೀರು ಸರಿಯಾಗಿ ಹೋಗ್ತೈತಾ, ಮೊದ್ಲು ಅದನ್ನ ನೋಡ್ಬೇಕು."

ಅನ್ನ ನೀರು ಅಂದರೆ ಪ್ಲಸ್ಸು ಮತ್ತು ಅರ್ತು. ನಾನು ಆ ದಿನ ಕಲಿತದ್ದರಲ್ಲಿ ದೊಡ್ಡದು ಇದೇ. ಡಬ್ಬಿಯ ಮೇಲೆ ಹೊರಿಸುವ ತಪ್ಪುಗಳಲ್ಲಿ ಎಷ್ಟೋ ಅದರದ್ದಲ್ಲ. ಸಡಿಲವಾದ ಬೋಲ್ಟು, ತುಕ್ಕು ಹಿಡಿದ ಅರ್ತು, ಬಣ್ಣದ ದೀಪಕ್ಕೋ ಹೆಚ್ಚುವರಿ ಹಾರ್ನಿಗೋ ವೈರ್ ಸುಲಿದು ಎಳೆದ ಸಂಪರ್ಕ, ಬ್ಯಾಟರಿ ಕಳಚದೆ ಚಾಸಿಗೆ ಮಾಡಿಸಿದ ವೆಲ್ಡಿಂಗ್, ಇವುಗಳದ್ದು. ಮೇಸ್ತ್ರಿ ಟೆಸ್ಟ್ ಲ್ಯಾಂಪ್ ಮುಟ್ಟಲಿಲ್ಲ. ಅದರ ಬಲ್ಬು ಎಳೆಯುವ ಕರೆಂಟು ತಡೆಯುವ ಶಕ್ತಿ ಡಬ್ಬಿಯ ಸೂಕ್ಷ್ಮ ಸರ್ಕ್ಯೂಟುಗಳಿಗೆ ಇಲ್ಲದಿರಬಹುದು. ಮಲ್ಟಿಮೀಟರ್ ತೆಗೆದರು. ಬ್ಯಾಟರಿ ಸರಿ ಇತ್ತು, ಫ್ಯೂಸುಗಳು ಸರಿ ಇದ್ದವು. ಲೋಡ್ ಕೊಟ್ಟು, ಡಬ್ಬಿಯ ಅರ್ತ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರು. ಸೊನ್ನೆಯ ಹತ್ತಿರ ಇರಬೇಕಾದ ಕಡೆ ಒಂದೂವರೆ ವೋಲ್ಟ್! ಕ್ಯಾಬಿನ್ ಕೆಳಗಿನ ಅರ್ತ್ ಬೋಲ್ಟ್ ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದರು. ಸೆಲ್ಫ್ ಹೊಡೆಯಿತು. ಇಂಡಿಕೇಟರ್ ತೆಪ್ಪಗಾಯಿತು.

ಹೆಡ್‌ಲೈಟ್ ಮಾತ್ರ ಬರಲಿಲ್ಲ, ವೈಪರಿನ ಆಟ ನಿಲ್ಲಲಿಲ್ಲ. ಬ್ಯಾಟರಿ ಕಳಚಿ ಕ್ಯಾನ್ ತಂತಿಗಳ ನಡುವೆ ಅಳೆದರು: 60 ಓಮ್. ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಅಷ್ಟೇ ಇರಬೇಕು. 120 ಬಂದಿದ್ದರೆ ಒಂದು ತುದಿ ಕಡಿದಿದೆ ಎಂದರ್ಥ. ಇಷ್ಟೆಲ್ಲ ಆದ ಮೇಲೆಯೇ ಅವರು ಡಬ್ಬಿಯ ಕನೆಕ್ಟರ್ ಎಳೆದದ್ದು. ಪಿನ್ನುಗಳ ಮೇಲೆ ಹಸಿರು ಕಿಲುಬು. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ನೀರು ಹರಿದು ಒಣಗಿದ ಬಿಳಿ ಕಲೆ. "ಈಗ ಹೇಳಬೋದು," ಅಂದರು, "ಡಬ್ಬಿ ಹೋಗೈತೆ."

ಹೊಸ ಡಬ್ಬಿ ಅದೇ ಪಾರ್ಟ್ ನಂಬರಿನದು, ಅಂದೇ ಸಂಜೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂತು. ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕೋಣವೇ ಎಂದು ಭಾವ ಕೇಳಿದ್ದರು. ಮೇಸ್ತ್ರಿ ಬೇಡವೆಂದರು; ಬೇರೆ ಲಾರಿಯ ಡಬ್ಬಿಯಲ್ಲಿ ಆ ಲಾರಿಯದೇ ಗುರುತು ಉಳಿದಿರುತ್ತದೆ, ನಮ್ಮ ಕೀಲಿಯನ್ನು ಅದು ಒಪ್ಪದೆ ಹೋಗಬಹುದು. ಹೊಸದರ ತೊಂದರೆ ಬೇರೆ. ಅದು ಖಾಲಿ. 17 ಅಕ್ಷರ–ಅಂಕಿಗಳ ಚಾಸಿ ನಂಬರನ್ನು ಅದಕ್ಕೆ ಬರೆಯಬೇಕು. ಈ ಗಾಡಿಗೆ ಆಕ್ಸಲ್ ಎಷ್ಟು, ಫಾಗ್ ಲ್ಯಾಂಪ್ ಇದೆಯೋ ಇಲ್ಲವೋ, ಎಲ್ಲವನ್ನೂ ತಿಳಿಸಬೇಕು. ಬರೆಯುವಾಗ ವೋಲ್ಟೇಜ್ ಕುಸಿಯದಂತೆ ಬ್ಯಾಟರಿಗೆ ಚಾರ್ಜರ್ ಹಾಕಿಡಬೇಕು. ನಡುವೆ ಕರೆಂಟು ಕೈಕೊಟ್ಟರೆ ಹೊಸ ಡಬ್ಬಿಯೇ ಕೆಲಸಕ್ಕೆ ಬಾರದಂತಾಗಬಹುದು.

ಮೇಸ್ತ್ರಿಯ ಬಳಿ ಸ್ಕ್ಯಾನರ್ ಇತ್ತು. ಅದು ದೋಷದ ಸಂಕೇತಗಳನ್ನು ಓದುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬರೆಯುವ ಸಾಫ್ಟ್‌ವೇರ್ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದು ಬಂದದ್ದು ಮರುದಿನ ಮಧ್ಯಾಹ್ನ. ಕೆಲಸ ಮುಗಿದದ್ದು ಇಪ್ಪತ್ತು ನಿಮಿಷದಲ್ಲಿ. ಅಷ್ಟರಲ್ಲಿ ತಾಡಪಾಲಿನ ಕೆಳಗೆ ಈರುಳ್ಳಿ ಬೆವೆತು ವಾಸನೆ ಶುರುವಾಗಿತ್ತು. ಬೆಳೆದ ರೈತ ಚಳ್ಳಕೆರೆಯಿಂದ ಮೂರು ಸಲ ಫೋನ್ ಮಾಡಿದ್ದ.

ಈ ಕಾಯುವಿಕೆ ಅನಿವಾರ್ಯವೇನಲ್ಲ ಎಂದು ನನ್ನ ಗಟ್ಟಿ ನಂಬಿಕೆ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅದು ಕಾರುಗಳ ಪ್ರಕರಣ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗೊಂದು ಸಮಿತಿ ಮಾಡಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಲಾರಿಯೊಳಗಿನ ಎಲೆಕ್ಟ್ರಾನಿಕ್ಸ್ ಇನ್ನೂ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಹೊಗೆ ನಿಯಮ ಬಂತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಯಿತು. ಡ್ರೈವರನಿಗೆ ಅದು ಸಿಗಲೇಬೇಕಾಗಿದ್ದ ನೆಮ್ಮದಿ. ಅದರ ಜೊತೆಗೇ, ನಡುರಾತ್ರಿ ಶಿರಾದಲ್ಲಿ ಕೈಕೊಟ್ಟ ಗಾಡಿಯನ್ನು ಶಿರಾದಲ್ಲೇ ಸರಿ ಮಾಡುವ ಅವಕಾಶವೂ ಸಿಗಬೇಕು. ಕೈಚಳಕ ಅಲ್ಲಿ ಇದೆ, ನಾನೇ ಕಂಡೆ.

ಲ್ಯಾಪ್‌ಟಾಪಿನವರು ಹೊರಟ ಮೇಲೂ ಮೇಸ್ತ್ರಿ ಗಾಡಿ ಬಿಡಲಿಲ್ಲ. ನೀರು ಎಲ್ಲಿಂದ ಬಂತು? ಹಿಂದಿನ ಬೇಸಿಗೆಯಲ್ಲಿ ಮುಂದಿನ ಗಾಜು ಬದಲಿಸಿದ್ದರಂತೆ. ಎಡ ಮೂಲೆಯಲ್ಲಿ ರಬ್ಬರ್ ಸರಿಯಾಗಿ ಕೂತಿರಲಿಲ್ಲ. ಅಲ್ಲಿ ಸೀಲಂಟ್ ತುಂಬಿ ಒಣಗಲು ಬಿಟ್ಟರು. ವೈರುಗಳನ್ನು ಕನೆಕ್ಟರಿಗಿಂತ ಕೆಳಕ್ಕೆ ಬಳುಕಿಸಿ ಕಟ್ಟಿದರು, ಹನಿ ಬಿದ್ದರೂ ತಂತಿ ಹಿಡಿದು ಡಬ್ಬಿಗೆ ಇಳಿಯದೆ ಕೆಳಗೆ ತೊಟ್ಟಿಕ್ಕಲಿ ಎಂದು. ಕ್ಲೀನರ್ ಹುಡುಗನನ್ನು ಬಾನೆಟ್ ಮುಂದೆ ನಿಲ್ಲಿಸಿ, "ಹುಯ್ಯೋ ನೀರು" ಅಂದರು. ಅವನು ಗಾಜಿನ ಮೇಲೆ ಬಕೆಟ್ಟುಗಟ್ಟಲೆ ಹುಯ್ದ. ಮೇಸ್ತ್ರಿ ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಹೊಸ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಹತ್ತು ನಿಮಿಷ ಹಾಗೇ ಇದ್ದರು. ಆಮೇಲೆ ಎದ್ದು ಬಂದು ಕೈ ಚಾಚಿ ಭಾವನಿಗೆ ತೋರಿಸಿದರು. ಅಂಗೈ ಒಣಗಿತ್ತು.